ಏಂಜೆಲ್ ಮೀನುಗಳಲ್ಲಿ ಕಾಳಗ ಮತ್ತು ಜೋಡಿಗೂಡುವಿಕೆ

ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಗಾಜಿನ ತೊಟ್ಟಿಯೊಂದನ್ನಿರಿಸಿ, ಅದರಲ್ಲಿ ಏಂಜೆಲ್ ಮೀನುಗಳನ್ನು ಸಾಕುವುದು ಅಪರೂಪವೇನಲ್ಲ. ಸಾಕಿದವರಲ್ಲಿ ಹೆಚ್ಚಿನವರಿಗೆ ಎರಡು ಅನುಭವಗಳು ಒಂದಲ್ಲ ಒಂದು ದಿನ ಆಗುತ್ತವೆ. ಮೊದಲನೆಯದು ಹೀಗೆ: ತಂದು ಬಿಟ್ಟ ಆರೇಳು ಮರಿಗಳು ತಿಂಗಳುಗಟ್ಟಲೆ ಒಂದೇ ಗುಂಪಾಗಿ ತಿರುಗಾಡಿಕೊಂಡಿರುತ್ತವೆ. ಒಂದು ದಿನ ಬೆಳಗ್ಗೆ ನೋಡಿದರೆ, ಅವುಗಳಲ್ಲಿ ಎರಡು ಮೀನುಗಳು ತೊಟ್ಟಿಯ ಬಹುಭಾಗವನ್ನು ತಮ್ಮದಾಗಿಸಿಕೊಂಡಿವೆ; ಉಳಿದವು ರೆಕ್ಕೆ ಹರಿದುಕೊಂಡು, ನೀರಿನ ಮೇಲುಮಟ್ಟದ ಮೂಲೆಯೊಂದರಲ್ಲಿ ಒತ್ತೊತ್ತಾಗಿ ನಿಂತಿವೆ. ಎರಡನೆಯ ಅನುಭವ ಇದಕ್ಕಿಂತಲೂ ವಿಚಿತ್ರವಾದುದು. ಆ ಎರಡು ಮೀನುಗಳು ಜೋಡಿಯೆಂದು ತಿಳಿದು, ಅವುಗಳಿಗೆ ಯಾರ ಕಾಟವೂ ಇಲ್ಲದಿರಲೆಂದು ಬೇರೊಂದು ತೊಟ್ಟಿಗೆ ಸಾಗಿಸಿದರೆ, ಕೆಲವೇ ದಿನಗಳಲ್ಲಿ ಅವುಗಳಲ್ಲೊಂದು ಮತ್ತೊಂದನ್ನು ಕೊಂದುಬಿಡುವುದುಂಟು.

ಮೊದಲನೆಯದನ್ನು ಕಂಡಾಗ ಮೀನಿನ ಸ್ವಭಾವ ಕೆಟ್ಟಿತೆಂದೂ, ಎರಡನೆಯದನ್ನು ಕಂಡಾಗ ಜೋಡಿಯಲ್ಲಿ ವಿರಸವುಂಟಾಯಿತೆಂದೂ ಹೇಳಿ ಸುಮ್ಮನಾಗುವುದು ವಾಡಿಕೆ. ಹೀಗೆ ಹೇಳಿದರೆ ಘಟನೆಗೆ ಹೆಸರಿಟ್ಟಂತಾಯಿತೇ ಹೊರತು ಕಾರಣ ಹೇಳಿದಂತಾಗಲಿಲ್ಲ. ಈ ಎರಡು ಘಟನೆಗಳಿಗೂ ಮೂಲ ಒಂದೇ. ಏಂಜೆಲ್ ಮೀನಿನಲ್ಲಿ ಕಾಳಗವೂ ಜೋಡಿಗೂಡುವಿಕೆಯೂ ಪರಸ್ಪರ ವಿರುದ್ಧವಾದ ಎರಡು ವರ್ತನೆಗಳಲ್ಲ, ಒಂದರೊಳಗೊಂದು ಹೆಣೆದುಕೊಂಡಿರುವ ವರ್ತನೆಗಳು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೀನಿನ ಪರಿಚಯ

ಏಂಜೆಲ್ ಮೀನು ಸಿಕ್ಲಿಡ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿದುದು. ಇದರ ಕುಲಕ್ಕೆ ಟೆರೊಫಿಲಮ್ ಎಂಬ ಹೆಸರನ್ನು ೧೮೪೦ರಲ್ಲಿ ಆಸ್ಟ್ರಿಯದ ಪ್ರಾಣಿಶಾಸ್ತ್ರಜ್ಞ ಹೆಕೆಲರು ಕೊಟ್ಟರು. ಗ್ರೀಕ್ ಭಾಷೆಯ ಈ ಹೆಸರಿಗೆ ರೆಕ್ಕೆಯುಳ್ಳ ಎಲೆ ಎಂದರ್ಥ. ಸ್ಕೇಲಾರೆ, ಆಲ್ಟಮ್, ಲಿಯೋಪೋಲ್ಡಿ ಎಂಬ ಮೂರು ಪ್ರಭೇದಗಳು ಈ ಕುಲದಲ್ಲಿವೆ. ನಮ್ಮ ತೊಟ್ಟಿಗಳಲ್ಲಿ ಕಾಣುವ ಮೀನುಗಳು ಬಹುಪಾಲು ಸ್ಕೇಲಾರೆಯ ಸಂತತಿಯವು. ಅನೇಕ ತಲೆಮಾರುಗಳಿಂದ ತೊಟ್ಟಿಗಳಲ್ಲಿಯೇ ಹುಟ್ಟಿ ಬೆಳೆದಿರುವ ಇವುಗಳಲ್ಲಿ ಕಪ್ಪು, ಬಂಗಾರದ ಬಣ್ಣ, ಅಮೃತಶಿಲೆಯಂಥ ಮಚ್ಚೆ, ನೀಳವಾದ ರೆಕ್ಕೆ ಮುಂತಾದ ಹಲವು ಬಗೆಗಳನ್ನು ಸಾಕಣೆಗಾರರು ಆರಿಸಿ ಬೆಳೆಸಿದ್ದಾರೆ. ಬಣ್ಣ ಮಾರ್ಪಟ್ಟಿದ್ದರೂ ವರ್ತನೆಯ ಮುಖ್ಯ ಲಕ್ಷಣಗಳು ಹಾಗೆಯೇ ಉಳಿದಿವೆ.

ಇದರ ತೌರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ಜಲಾನಯನ ಪ್ರದೇಶ ಮತ್ತು ಅದರ ನೆರೆಯ ಕೆಲವು ನದಿಗಳು. ಅಲ್ಲಿ ಇದು ರಭಸವಾಗಿ ಹರಿಯುವ ನೀರಿನಲ್ಲಿರುವುದಿಲ್ಲ. ನಿಧಾನವಾಗಿ ಹರಿಯುವ ಕಾಲುವೆಗಳಲ್ಲಿಯೂ, ಮಳೆಗಾಲದಲ್ಲಿ ಮುಳುಗಿದ ಕಾಡಿನ ಅಂಚಿನಲ್ಲಿಯೂ, ಗಿಡದ ಕಾಂಡಗಳು, ಬೇರುಗಳು, ಬಿದ್ದ ಮರದ ಕೊಂಬೆಗಳು ಇವುಗಳ ನಡುವೆಯೂ ವಾಸಿಸುತ್ತದೆ. ಎರಡು ಪಕ್ಕಗಳಿಂದ ಒತ್ತಿದಂತೆ ಚಪ್ಪಟೆಯಾದ ಇದರ ದೇಹ ಇಂಥ ಇಕ್ಕಟ್ಟಿನಲ್ಲಿ ನುಸುಳಲು ತಕ್ಕುದಾಗಿದೆ. ಮೈಮೇಲಿನ ಕಪ್ಪು ಲಂಬಪಟ್ಟೆಗಳು ಕಾಂಡಗಳ ನೆರಳಿನೊಡನೆ ಬೆರೆತುಹೋಗುತ್ತವೆ. ಈ ಪರಿಸರದ ಒಂದು ಗುಣವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು: ಅಲ್ಲಿ ಓಡಿಹೋದ ಮೀನು ಸ್ವಲ್ಪ ದೂರದಲ್ಲಿಯೇ ಬೆನ್ನಟ್ಟುವ ಮೀನಿನ ಕಣ್ಣಿಗೆ ಮರೆಯಾಗಬಲ್ಲದು. ಮುಂದಿನ ವಿವೇಚನೆಗೆ ಇದು ಬಹಳ ಮುಖ್ಯ.

ಕಾಳಗದ ಕ್ರಮ

ಏಂಜೆಲ್ ಮೀನುಗಳ ಕಾಳಗ ನೋಡುವವರಿಗೆ ಅಸ್ತವ್ಯಸ್ತವಾದ ಕಚ್ಚಾಟದಂತೆ ಕಾಣಬಹುದು. ತಾಳ್ಮೆಯಿಂದ ಗಮನಿಸಿದರೆ ಅದರಲ್ಲಿ ಒಂದು ಕ್ರಮವಿರುವುದು ಗೊತ್ತಾಗುತ್ತದೆ. ಎರಡು ಮೀನುಗಳು ಎದುರಾದಾಗ ಮೊದಲು ಬೆನ್ನಿನ ಮತ್ತು ಹೊಟ್ಟೆಯ ಕಡೆಯ ಈಜುರೆಕ್ಕೆಗಳನ್ನು ನಿಗುರಿಸುತ್ತವೆ. ಪಟ್ಟೆಗಳ ಕಪ್ಪು ಗಾಢವಾಗಬಹುದು ಇಲ್ಲವೆ ಮಸುಳಬಹುದು. ತರುವಾಯ ಒಂದಕ್ಕೊಂದು ಪಕ್ಕವನ್ನು ತೋರಿಸಿ ನಿಲ್ಲುತ್ತವೆ. ಎತ್ತರವಾದ ದೇಹದ ಪೂರ್ಣ ವಿಸ್ತಾರ ಎದುರಾಳಿಗೆ ಕಾಣುವುದು ಈ ಭಂಗಿಯಲ್ಲಿಯೇ. ಅದೇ ಸ್ಥಿತಿಯಲ್ಲಿ ಬಾಲವನ್ನು ಬಲವಾಗಿ ಬೀಸಿ, ನೀರಿನ ಅಲೆಯನ್ನು ಎದುರಾಳಿಯ ಮೈಮೇಲೆ ತಳ್ಳುತ್ತವೆ. ಮೀನಿನ ಪಕ್ಕದಲ್ಲಿ ಹಾಯುವ ಪಾರ್ಶ್ವರೇಖೆಯೆಂಬ ಇಂದ್ರಿಯ ಈ ಒತ್ತಡವನ್ನು ಗ್ರಹಿಸುತ್ತದೆ. ಎದುರಾಳಿಯ ಗಾತ್ರ ಕಣ್ಣಿಗೂ, ಬಲ ಪಾರ್ಶ್ವರೇಖೆಗೂ ಹೀಗೆ ತಿಳಿದುಬರುತ್ತದೆ.

ಇಷ್ಟರಲ್ಲಿಯೇ ಒಂದು ಮೀನು ಹಿಂಜರಿದರೆ ಕಾಳಗ ಮುಗಿಯಿತು. ಇಲ್ಲದಿದ್ದರೆ ಮುಖಾಮುಖಿಯಾಗಿ ನಿಂತು ಕಿವಿರಿನ ಮುಚ್ಚಳಗಳನ್ನು ಅಗಲಿಸುವುದು, ಮುನ್ನುಗ್ಗುವುದು, ಪಕ್ಕಕ್ಕೆ ಕಚ್ಚುವುದು ಕ್ರಮವಾಗಿ ಬರುತ್ತವೆ. ಕೊನೆಯದಾಗಿ ಎರಡೂ ಬಾಯಿಗೆ ಬಾಯಿ ಕೊಟ್ಟು, ದವಡೆಗಳನ್ನು ಹಿಡಿದುಕೊಂಡು ಹಿಂದುಮುಂದಕ್ಕೆ ಜಗ್ಗಾಡುತ್ತವೆ. ಇದು ಬಲದ ನೇರ ಪರೀಕ್ಷೆ. ಸೋತ ಮೀನು ರೆಕ್ಕೆಗಳನ್ನು ಮಡಿಚಿ, ಎದುರಾಳಿಯ ಕಣ್ಣಿಗೆ ಆದಷ್ಟು ಚಿಕ್ಕದಾಗಿ ಕಾಣುವಂತೆ ಮೈಯನ್ನು ತಿರುಗಿಸಿ, ಅಲ್ಲಿಂದ ಜಾರಿಕೊಳ್ಳುತ್ತದೆ.

ಈ ಕ್ರಮದ ಅರ್ಥ ಸ್ಪಷ್ಟವಾದುದು. ಕಡಿಮೆ ಅಪಾಯದ ಹೆಜ್ಜೆಗಳು ಮೊದಲು, ಹೆಚ್ಚು ಅಪಾಯದವು ಕಡೆಗೆ. ಬಲಾಬಲಗಳಲ್ಲಿ ದೊಡ್ಡ ಅಂತರವಿದ್ದರೆ ಮೊದಲ ಹೆಜ್ಜೆಗಳಲ್ಲಿಯೇ ತೀರ್ಮಾನವಾಗುತ್ತದೆ; ಸರಿಸಮಾನರಾದವರು ಮಾತ್ರ ಕೊನೆಯ ಹೆಜ್ಜೆಯವರೆಗೆ ಹೋಗುತ್ತಾರೆ. ಗೆದ್ದ ಮೀನಿಗೆ ಬೇಕಾದುದು ಎದುರಾಳಿಯ ಸಾವಲ್ಲ, ಅದರ ನಿರ್ಗಮನ. ಆದಕಾರಣ ಈ ಕಾಳಗದ ಏರ್ಪಾಡೆಲ್ಲವೂ ಒಂದು ಷರತ್ತಿನ ಮೇಲೆ ನಿಂತಿದೆ: ಸೋತವನಿಗೆ ಹೋಗಲು ಸ್ಥಳವಿರಬೇಕು.

ಜೋಡಿಯ ರಚನೆ

ಮರಿಗಳಾಗಿರುವಾಗ ಏಂಜೆಲ್ ಮೀನುಗಳು ಗುಂಪಿನಲ್ಲಿರುತ್ತವೆ. ಆಗಲೂ ಚಿಕ್ಕಪುಟ್ಟ ಕಚ್ಚಾಟಗಳು ನಡೆದು, ಮೇಲುಕೀಳಿನ ಒಂದು ಶ್ರೇಣಿ ಏರ್ಪಡುವುದುಂಟು. ಎಂಟು ಹತ್ತು ತಿಂಗಳು ತುಂಬುವ ವೇಳೆಗೆ, ಕೆಲವು ವೇಳೆ ಅದಕ್ಕಿಂತ ಮೊದಲೇ, ಅವು ಪ್ರಾಯಕ್ಕೆ ಬರುತ್ತವೆ. ಗುಂಪಿನೊಳಗಿಂದ ಎರಡು ಮೀನುಗಳು ಬೇರ್ಪಟ್ಟು, ಅಗಲವಾದ ಎಲೆಯನ್ನೋ ಕಲ್ಲಿನ ಹಲಗೆಯನ್ನೋ ತೊಟ್ಟಿಯ ಗಾಜನ್ನೋ ಆರಿಸಿಕೊಂಡು ಅದರ ಸುತ್ತಲಿನ ಜಾಗವನ್ನು ಕಾಯತೊಡಗುತ್ತವೆ. ಪ್ರಾರಂಭದಲ್ಲಿ ಹೇಳಿದ ಮೊದಲನೆಯ ಅನುಭವಕ್ಕೆ ಕಾರಣ ಇದೇ. ಮೀನಿನ ಸ್ವಭಾವ ಕೆಟ್ಟಿಲ್ಲ. ಮರಿತನ ಮುಗಿದು ಕ್ಷೇತ್ರಪಾಲನೆ ಆರಂಭವಾಗಿದೆ.

ಈ ಎರಡು ಮೀನುಗಳು ಒಂದನ್ನೊಂದು ಆರಿಸಿಕೊಳ್ಳುವಾಗ ಬಳಸುವ ಚೇಷ್ಟೆಗಳಾವುವು ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ಪಕ್ಕ ತೋರಿಸಿ ನಿಲ್ಲುವುದು, ರೆಕ್ಕೆ ನಿಗುರಿಸುವುದು, ಬಾಲ ಬೀಸುವುದು, ಬಾಯಿಗೆ ಬಾಯಿ ಕೊಟ್ಟು ಜಗ್ಗುವುದು — ಕಾಳಗದಲ್ಲಿ ಕಂಡ ಚೇಷ್ಟೆಗಳೇ ಇಲ್ಲಿಯೂ ಕಾಣಿಸುತ್ತವೆ. ವ್ಯತ್ಯಾಸವಿರುವುದು ಅವುಗಳ ಮುಕ್ತಾಯದಲ್ಲಿ. ಕಾಳಗದಲ್ಲಿ ಒಂದು ಮೀನು ಓಡಿಹೋಗುತ್ತದೆ. ಇಲ್ಲಿ ಎರಡೂ ಓಡದೆ ನಿಲ್ಲುತ್ತವೆ. ಕ್ರಮೇಣ ಕಚ್ಚುವಿಕೆ ಕಡಿಮೆಯಾಗಿ, ಮೈನಡುಗಿಸುವುದು, ಮೊಟ್ಟೆಯಿಡುವ ಸ್ಥಳವನ್ನು ಬಾಯಿಯಿಂದ ಕೆರೆದು ಶುಚಿಮಾಡುವುದು ಮುಂತಾದುವು ಹೆಚ್ಚುತ್ತವೆ.

ಒಂದೇ ಚೇಷ್ಟೆ ಒಮ್ಮೆ ಜಗಳಕ್ಕೂ ಒಮ್ಮೆ ಜೊತೆಗೂ ದಾರಿಮಾಡುವುದು ಹೇಗೆ? ಈ ಪ್ರಶ್ನೆಗೆ ಬೆಲೆಯುಳ್ಳ ಉತ್ತರವೊಂದನ್ನು ಬೀಟ್ರಿಸ್ ಓಲರ್ಟ್ ಎಂಬ ಸಂಶೋಧಕಿ ಕೆಲವು ಸಿಕ್ಲಿಡ್ ಪ್ರಭೇದಗಳನ್ನು ಅಭ್ಯಸಿಸಿ ೧೯೫೮ರಲ್ಲಿ ಪ್ರಕಟಿಸಿದರು. ಗಂಡು ಹೆಣ್ಣುಗಳ ರೂಪದಲ್ಲಿ ಭೇದವಿಲ್ಲದ ಈ ಮೀನುಗಳಲ್ಲಿ ಆಕ್ರಮಣ, ಭಯ, ಕಾಮ ಈ ಮೂರು ಪ್ರವೃತ್ತಿಗಳೂ ಎರಡು ಲಿಂಗಗಳಲ್ಲಿಯೂ ಇವೆ. ಆದರೆ ಅವು ಬೆರೆಯುವ ರೀತಿ ಬೇರೆ. ಗಂಡಿನಲ್ಲಿ ಆಕ್ರಮಣವೂ ಕಾಮವೂ ಒಟ್ಟಿಗೆ ಇರಬಲ್ಲವು. ಭಯ ತಲೆದೋರಿದೊಡನೆಯೇ ಕಾಮ ಅಡಗುತ್ತದೆ. ಹೆಣ್ಣಿನಲ್ಲಿ ಭಯವೂ ಕಾಮವೂ ಒಟ್ಟಿಗೆ ಇರಬಲ್ಲವು. ಆಕ್ರಮಣ ಕೆರಳಿದರೆ ಕಾಮ ಅಡಗುತ್ತದೆ. ಹೀಗಿರಲು, ಪರಸ್ಪರ ಬಲಪರೀಕ್ಷೆಯೇ ಯಾವುದು ಗಂಡಿನಂತೆ, ಯಾವುದು ಹೆಣ್ಣಿನಂತೆ ವರ್ತಿಸಬೇಕೆಂಬುದನ್ನು ಗೊತ್ತುಪಡಿಸುವ ಸಾಧನವಾಗುತ್ತದೆ. ಓಲರ್ಟರ ನಿರ್ಣಯ ಎಲ್ಲ ಸಿಕ್ಲಿಡ್‌ಗಳಿಗೂ ಯಥಾವತ್ತಾಗಿ ಅನ್ವಯಿಸುತ್ತದೆಂದು ನಾವು ಹೇಳುವುದಿಲ್ಲ. ಆದರೆ ಗಂಡಿಲ್ಲದ ತೊಟ್ಟಿಯಲ್ಲಿ ಎರಡು ಹೆಣ್ಣು ಏಂಜೆಲ್ ಮೀನುಗಳು ಜೋಡಿಯಂತೆ ಸೇರಿ, ಸ್ಥಳವನ್ನು ಶುಚಿಮಾಡಿ, ಎರಡೂ ಮೊಟ್ಟೆಯಿಡುವುದನ್ನು ಸಾಕಣೆಗಾರರು ಬಲ್ಲರು. ಆ ಮೊಟ್ಟೆಗಳು ಫಲಿಸದೆ ಬೆಳ್ಳಗಾಗಿ ಬೂಷ್ಟು ಹಿಡಿಯುತ್ತವೆ. ಗಂಡಿನ ಪಾತ್ರವೂ ಹೆಣ್ಣಿನ ಪಾತ್ರವೂ ಒಂದೇ ಮೀನಿನಲ್ಲಿ ಅಡಗಿರಬಹುದೆಂಬ ಮಾತಿಗೆ ಇದು ಹೊಂದಿಕೊಳ್ಳುತ್ತದೆ.

ಆದುದರಿಂದ ಎರಡು ಮೀನುಗಳು ಜೊತೆಯಾಗಿರುವುದನ್ನು ಕಂಡ ಮಾತ್ರಕ್ಕೆ ಅವು ಗಂಡುಹೆಣ್ಣೆಂದು ವಿದ್ಯಾರ್ಥಿಗಳು ನಿಶ್ಚಯಿಸಕೂಡದು. ಮೊಟ್ಟೆಯಿಡುವ ಕಾಲ ಸಮೀಪಿಸಿದಾಗ ಹೊಟ್ಟೆಯ ಕೆಳಗೆ ಒಂದು ಚಿಕ್ಕ ನಳಿಕೆ ಹೊರಚಾಚುತ್ತದೆ. ಹೆಣ್ಣಿನಲ್ಲಿ ಅದು ದಪ್ಪವಾಗಿ ಮೊಂಡಾಗಿರುವುದು. ಗಂಡಿನಲ್ಲಿ ಸಣ್ಣದಾಗಿ ಚೂಪಾಗಿರುವುದು. ನಂಬತಕ್ಕ ಗುರುತು ಇದು.

ಸಂತಾನಪಾಲನೆ ಮತ್ತು ಕ್ಷೇತ್ರರಕ್ಷಣೆ

ಹೆಣ್ಣು ಶುಚಿಯಾದ ಎಲೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಸಾಗುತ್ತ ಸಾಲುಸಾಲಾಗಿ ಮೊಟ್ಟೆಗಳನ್ನು ಅಂಟಿಸುತ್ತದೆ. ಗಂಡು ಹಿಂದೆಯೇ ಬಂದು ಅವುಗಳ ಮೇಲೆ ವೀರ್ಯವನ್ನು ಬಿಡುತ್ತದೆ. ಒಂದು ಸಲಕ್ಕೆ ಇಡುವ ಮೊಟ್ಟೆಗಳು ಅನೇಕ ನೂರು. ತಂದೆತಾಯಿಗಳೆರಡೂ ಸರದಿಯ ಮೇಲೆ ರೆಕ್ಕೆ ಬೀಸಿ ಅವುಗಳ ಮೇಲೆ ಹೊಸ ನೀರನ್ನು ಹಾಯಿಸುತ್ತವೆ. ಕೆಟ್ಟ ಮೊಟ್ಟೆಗಳನ್ನು ಬಾಯಿಯಿಂದ ಆರಿಸಿ ತೆಗೆಯುತ್ತವೆ. ನೀರಿನ ಉಷ್ಣತೆ ೨೭ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿದ್ದರೆ ಎರಡರಿಂದ ಮೂರು ದಿನಗಳಲ್ಲಿ ಮೊಟ್ಟೆಯೊಡೆಯುತ್ತದೆ. ಹೊರಬಂದ ಡಿಂಬಗಳು ಈಜಲಾರವು. ತಲೆಯ ಮೇಲಿನ ಅಂಟುಗ್ರಂಥಿಗಳಿಂದ ಎಲೆಗೆ ಕಚ್ಚಿಕೊಂಡು ಬಾಲವನ್ನು ಅಲ್ಲಾಡಿಸುತ್ತಿರುತ್ತವೆ. ಕಳಚಿ ಬಿದ್ದ ಡಿಂಬವನ್ನು ತಂದೆತಾಯಿಗಳು ಬಾಯಿಯಲ್ಲಿ ಹಿಡಿದು ತಂದು ಮತ್ತೆ ಅಂಟಿಸುತ್ತವೆ. ಮೊಟ್ಟೆಯಿಟ್ಟ ಸುಮಾರು ಒಂದು ವಾರದ ತರುವಾಯ ಮರಿಗಳು ಈಜತೊಡಗುತ್ತವೆ. ಈ ಕಾರ್ಯಗಳನ್ನು ಎಣಿಕೆಯ ಮೂಲಕ ಅಳೆದು ಚೀನ್ ಮತ್ತು ಸಾಲ್ಮನ್ ಎಂಬ ವಿದ್ವಾಂಸರು ೧೯೭೨ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು.

ಅನೇಕ ನೂರು ಮೊಟ್ಟೆಗಳು ಬಯಲಿನಲ್ಲಿ, ಎಲೆಯೊಂದರ ಮೇಲೆ ಅಂಟಿಕೊಂಡಿವೆ. ಸುತ್ತಲೂ ಇರುವ ಮೀನುಗಳಿಗೆ ಅವು ಸುಲಭವಾದ ಆಹಾರ. ಒಂದು ಮೀನು ರೆಕ್ಕೆ ಬೀಸುತ್ತಿದ್ದರೆ ಗಡಿ ಕಾಯುವುದಕ್ಕೆ ಮತ್ತೊಂದು ಬೇಕು. ಜೋಡಿ ಬೇಕಾಗಿರುವುದು ಈ ಕಾರಣಕ್ಕಾಗಿಯೇ; ಜೋಡಿಗೆ ಆಕ್ರಮಣಶಕ್ತಿ ಬೇಕಾಗಿರುವುದೂ ಇದಕ್ಕಾಗಿಯೇ. ಸಂಗಾತಿಯನ್ನು ಆರಿಸುವಾಗ ಬಲಪರೀಕ್ಷೆ ನಡೆಯುವುದು ಈ ದೃಷ್ಟಿಯಿಂದ ವ್ಯರ್ಥವಲ್ಲ: ತನ್ನೆದುರು ನಿಲ್ಲಲಾರದ ಮೀನು ಮೊಟ್ಟೆ ತಿನ್ನಲು ಬಂದವನೆದುರು ನಿಲ್ಲುವುದೆಂತು? ಕಾದಾಡಬಲ್ಲ ಎರಡು ಮೀನುಗಳು ಒಂದರೊಡನೊಂದು ಕಾದಾಡದೆ, ಒಟ್ಟಾಗಿ ಹೊರಗಿನವರೊಡನೆ ಕಾದಾಡುವುದೇ ಏಂಜೆಲ್ ಮೀನಿನ ದಾಂಪತ್ಯ.

ಲೋರೆನ್ಸರ ವಾದ ಮತ್ತು ಅದರ ಮಿತಿ

ಇಲ್ಲಿ ಕೊನ್ರಾಡ್ ಲೋರೆನ್ಸರ ಹೆಸರನ್ನು ಹೇಳಲೇಬೇಕು. ಪ್ರಾಣಿವರ್ತನೆಯ ಅಧ್ಯಯನಕ್ಕಾಗಿ ೧೯೭೩ರಲ್ಲಿ ಟಿನ್‌ಬರ್ಗೆನ್ ಮತ್ತು ಫಾನ್ ಫ್ರಿಶ್ ಅವರೊಡನೆ ನೊಬೆಲ್ ಬಹುಮಾನವನ್ನು ಹಂಚಿಕೊಂಡ ಇವರು, ಆಕ್ರಮಣವನ್ನು ಕುರಿತು ೧೯೬೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಿಕ್ಲಿಡ್ ಮೀನುಗಳ ಉದಾಹರಣೆಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲೊಂದು ನಮ್ಮ ಎರಡನೆಯ ಅನುಭವಕ್ಕೆ ನೇರವಾಗಿ ಸಂಬಂಧಿಸಿದೆ. ಸಿಕ್ಲಿಡ್ ಜೋಡಿಯೊಂದನ್ನು ಒಂಟಿಯಾಗಿಟ್ಟರೆ ಗಂಡು ಹೆಣ್ಣನ್ನು ಹಿಂಸಿಸುತ್ತದೆ. ನಡುವೆ ಗಾಜನ್ನಿಟ್ಟು ಅದರಾಚೆ ಮತ್ತೊಂದು ಜೋಡಿಯನ್ನಿರಿಸಿದರೆ, ಗಂಡುಗಳ ಸಿಟ್ಟೆಲ್ಲ ನೆರೆಯವರ ಕಡೆಗೆ ತಿರುಗಿ ಎರಡು ಮನೆಗಳಲ್ಲಿಯೂ ಶಾಂತಿ ನೆಲೆಸುತ್ತದೆ. ಕಾಲಕ್ರಮದಲ್ಲಿ ಆ ಗಾಜಿನ ಮೇಲೆ ಪಾಚಿ ಬೆಳೆದು ನೆರೆಯವರು ಕಾಣದಂತಾದಾಗ ಗಂಡು ಮತ್ತೆ ಹೆಣ್ಣಿನ ಮೇಲೆ ಬೀಳುತ್ತದೆ. ಪಾಚಿಯನ್ನು ಒರಸಿದರೆ ಮನೆಯೊಳಗಿನ ಜಗಳ ನಿಲ್ಲುತ್ತದೆ.

ಈ ಸಂಗತಿಗೆ ಲೋರೆನ್ಸರು ಕೊಟ್ಟ ವಿವರಣೆ ಹೀಗಿದೆ: ಆಕ್ರಮಣಪ್ರವೃತ್ತಿ ಪ್ರಾಣಿಯೊಳಗೆ ತಾನೇ ತಾನಾಗಿ ಶೇಖರವಾಗುತ್ತದೆ, ಹೊರಹೋಗಲು ದಾರಿ ಸಿಕ್ಕದಿದ್ದರೆ ಹತ್ತಿರದಲ್ಲಿರುವವರ ಮೇಲೆಯೇ ಸುರಿಯುತ್ತದೆ. ಕೆರೆಯಲ್ಲಿ ನೀರು ತುಂಬಿ ಕೋಡಿ ಹರಿಯುವ ಕಲ್ಪನೆ ಇದು. ಕೇಳಲು ಸುಲಭವಾದರೂ ಇದಕ್ಕೆ ಪ್ರಬಲವಾದ ಆಕ್ಷೇಪಣೆಗಳು ಬಂದಿವೆ. ಲೋರೆನ್ಸರ ಸಹಜಪ್ರವೃತ್ತಿ ಸಿದ್ಧಾಂತವನ್ನು ಲೆರ್ಮನ್ನರು ೧೯೫೩ರಲ್ಲಿಯೇ ವಿಮರ್ಶಿಸಿದ್ದರು. ವರ್ತನೆಯನ್ನು ಶೇಖರವಾದ ಶಕ್ತಿಯೆಂದು ಚಿತ್ರಿಸುವುದರಲ್ಲಿರುವ ದೋಷಗಳನ್ನು ಹೈಂಡ್ ಅವರು ೧೯೬೦ರಲ್ಲಿ ತೋರಿಸಿದರು. ದೇಹದಲ್ಲಿ ಅಂಥ ಕೆರೆಯೊಂದು ಇದೆಯೆನ್ನುವುದಕ್ಕೆ ಆಧಾರವಿಲ್ಲ. ಕಾಳಗವು ಎದುರಾಳಿಯ ಗಾತ್ರ, ಹಿಂದಿನ ಸೋಲುಗೆಲವು, ಕ್ಷೇತ್ರದ ಒಡೆತನ, ಶರೀರದ ಹಾರ್ಮೋನುಗಳು, ಸುತ್ತಣ ಪರಿಸರ ಇವೆಲ್ಲವನ್ನೂ ಅವಲಂಬಿಸಿ ಏರಿಳಿಯುವುದೆಂದು ಈಗಿನ ಅಭಿಪ್ರಾಯ.

ಲೋರೆನ್ಸರ ಸಿದ್ಧಾಂತವನ್ನು ಬಿಟ್ಟರೂ ಅವರ ವೀಕ್ಷಣೆಯನ್ನು ಬಿಡಬೇಕಾಗಿಲ್ಲ. ಪಾಚಿ ಕಟ್ಟಿದ ಗಾಜಿನ ಸಂಗತಿಯನ್ನು ನಾವು ಹೀಗೆ ಅರ್ಥಮಾಡಬಹುದು: ಗಡಿಯಲ್ಲಿ ನೆರೆಯವನಿದ್ದಾಗ ಜೋಡಿಯ ಎರಡೂ ಮೀನುಗಳ ಗಮನ ಹೊರಕ್ಕಿರುತ್ತದೆ, ಅವೆರಡಕ್ಕೂ ಸಮಾನವಾದ ಕೆಲಸವಿರುತ್ತದೆ. ನೆರೆಯವನಿಲ್ಲದಾಗ, ಕಾಯುವ ಮೀನಿನ ಕಣ್ಣಿಗೆ ಬೀಳುವ, ತನ್ನಂತೆಯೇ ಇರುವ ಏಕೈಕ ಪ್ರಾಣಿ ಅದರ ಸಂಗಾತಿಯೇ. ಸಂಗಾತಿಗೂ ಎದುರಾಳಿಗೂ ರೂಪ ಒಂದೇ ಎಂಬುದನ್ನು ನೆನೆದರೆ ಈ ತಪ್ಪು ಅಚ್ಚರಿಯದಲ್ಲ.

ಗಾಜಿನ ತೊಟ್ಟಿ ಮಾಡುವ ವ್ಯತ್ಯಾಸ

೬೦ ಸೆಂಟಿಮೀಟರ್ ಉದ್ದ, ೩೦ ಅಗಲ, ೩೦ ಎತ್ತರವುಳ್ಳ ತೊಟ್ಟಿಯಲ್ಲಿ ಹಿಡಿಸುವ ನೀರು ೫೪ ಲೀಟರು. ಜೋಡಿಯೊಂದಕ್ಕೆ ಇಡೀ ತೊಟ್ಟಿಯೇ ಕ್ಷೇತ್ರವಾಗಲು ಇದು ಸಾಕು. ಅಂದಮೇಲೆ ಸೋತ ಮೀನು ಎಲ್ಲಿ ನಿಂತರೂ ಅದು ಗೆದ್ದವರ ಕ್ಷೇತ್ರದೊಳಗೇ ನಿಂತಂತೆ. ಅದು ರೆಕ್ಕೆ ಮಡಿಚಿ ಸೋಲನ್ನೊಪ್ಪಿದರೂ ಪ್ರಯೋಜನವಿಲ್ಲ. ಗೆದ್ದ ಮೀನು ಕೇಳುತ್ತಿರುವುದು ನಿರ್ಗಮನವನ್ನು, ನಿರ್ಗಮನಕ್ಕೆ ಗಾಜು ಅಡ್ಡವಾಗಿದೆ. ಒಂದೇ ಸಲಕ್ಕೆ ಮುಗಿಯಬೇಕಾಗಿದ್ದ ಕಾಳಗ ಇದರಿಂದಾಗಿ ದಿನವಿಡೀ ಮರುಕಳಿಸುತ್ತದೆ. ಅಮೆಜಾನಿನ ಕೊಂಬೆರೆಂಬೆಗಳ ನಡುವೆ ಯಾವ ವರ್ತನೆ ಪ್ರಾಣವನ್ನುಳಿಸುವುದೋ, ಅದೇ ವರ್ತನೆ ಇಲ್ಲಿ ಪ್ರಾಣವನ್ನು ತೆಗೆಯುತ್ತದೆ. ಕೊಂದದ್ದು ಮೀನಾದರೂ, ಓಡುವ ದಾರಿಯನ್ನು ಮುಚ್ಚಿದವರು ನಾವು ಎಂಬುದನ್ನು ಮರೆಯಲಾಗದು.

ಇದರಿಂದ ಕೆಲವು ವ್ಯಾವಹಾರಿಕ ನಿರ್ಣಯಗಳು ಹೊರಡುತ್ತವೆ. ಮೊದಲನೆಯದಾಗಿ, ಅಂಗಡಿಯಿಂದ ಎರಡು ಬೆಳೆದ ಮೀನುಗಳನ್ನು ತಂದು ಜೋಡಿಯೆಂದು ಕೂಡಿಸುವುದಕ್ಕಿಂತ, ಆರೇಳು ಮರಿಗಳನ್ನು ದೊಡ್ಡ ತೊಟ್ಟಿಯಲ್ಲಿ ಬೆಳೆಸಿ ಅವುಗಳೇ ಜೋಡಿಯನ್ನು ಆರಿಸಿಕೊಳ್ಳುವಂತೆ ಬಿಡುವುದು ಮೇಲು. ಎರಡನೆಯದಾಗಿ, ಜೋಡಿ ಏರ್ಪಟ್ಟೊಡನೆ ಉಳಿದ ಮೀನುಗಳನ್ನು ಬೇರೆಡೆಗೆ ಸಾಗಿಸಬೇಕು. ಸಾಧ್ಯವಿಲ್ಲದಿದ್ದರೆ ಗಾಜಿನ ತಡಿಕೆಯನ್ನಾದರೂ ಇಡಬೇಕು. ತಡಿಕೆಯಾಚೆ ನೆರೆಯವರು ಕಾಣುತ್ತಿರುವುದು ಅನೇಕ ವೇಳೆ ಜೋಡಿಗೆ ಹಿತವೇ. ಮೂರನೆಯದಾಗಿ, ಎತ್ತರವಾದ ಗಿಡಗಳು, ಬೇರುಗಳು, ನಿಲ್ಲಿಸಿದ ಕಲ್ಲಿನ ಹಲಗೆಗಳು ಕೇವಲ ಅಲಂಕಾರವಲ್ಲ. ದೃಷ್ಟಿಯನ್ನು ಮರೆಮಾಡಿ ಸೋತ ಮೀನಿಗೆ ಆಶ್ರಯ ಕೊಡುವ ಸಾಧನಗಳು. ನಾಲ್ಕನೆಯದಾಗಿ, ತೊಟ್ಟಿಯ ನೀರನ್ನೆಲ್ಲ ಒಂದೇ ಸಲ ಬದಲಾಯಿಸಬಾರದು. ಮೀನುಗಳು ಒಂದನ್ನೊಂದು ಗುರುತಿಸಲು ನೀರಿನಲ್ಲಿ ಕರಗಿದ ರಾಸಾಯನಿಕ ಸಂಕೇತಗಳನ್ನೂ ಬಳಸುತ್ತವೆ. ಅವು ತೊಳೆದುಹೋದರೆ, ಇತ್ಯರ್ಥವಾಗಿದ್ದ ಮೇಲುಕೀಳು ಮತ್ತೆ ಕಾಳಗಕ್ಕೆ ಬರಬಹುದು.

ವೀಕ್ಷಣೆಗೆ ಕೆಲವು ಸೂಚನೆಗಳು

ಅಧ್ಯಾಪಕರು ಈ ವಿಷಯವನ್ನು ವಿದ್ಯಾರ್ಥಿಗಳಿಗೆ ಪ್ರಯೋಗಪಾಠವಾಗಿ ಕೊಡಬಹುದು. ಅದಕ್ಕೆ ಗಡಿಯಾರ, ಕಾಗದ, ಪೆನ್ಸಿಲು ಸಾಕು. ಪ್ರತಿದಿನ ಒಂದೇ ಹೊತ್ತಿನಲ್ಲಿ ಹದಿನೈದು ನಿಮಿಷ ಕುಳಿತು, ಪಕ್ಕ ತೋರಿಸುವುದು, ಬಾಲ ಬೀಸುವುದು, ಬೆನ್ನಟ್ಟುವುದು, ಕಚ್ಚುವುದು, ಬಾಯಿ ಹಿಡಿಯುವುದು, ಹಿಮ್ಮೆಟ್ಟುವುದು ಇವುಗಳಲ್ಲಿ ಒಂದೊಂದೂ ಎಷ್ಟು ಸಲ ನಡೆಯಿತು, ಯಾವ ಮೀನು ಯಾವುದಕ್ಕೆ ಮಾಡಿತು ಎಂಬುದನ್ನು ಪಟ್ಟಿಯಲ್ಲಿ ಗುರುತಿಸಬೇಕು. ಜೋಡಿ ಏರ್ಪಡುವ ಮುಂಚಿನ ಪಟ್ಟಿಯನ್ನೂ ಅನಂತರದ ಪಟ್ಟಿಯನ್ನೂ ಹೋಲಿಸಿ, ಕಾಳಗದ ಒಟ್ಟು ಮೊತ್ತ ಬದಲಾಯಿತೇ, ಅಥವಾ ಅದರ ದಿಕ್ಕು ಮಾತ್ರ ಬದಲಾಯಿತೇ ಎಂಬುದನ್ನು ಪರಿಶೀಲಿಸುವುದು ಒಳ್ಳೆಯ ಅಭ್ಯಾಸ. ಸಿಟ್ಟು, ಪ್ರೀತಿ, ದ್ವೇಷ ಮುಂತಾದ ಪದಗಳನ್ನು ಪಟ್ಟಿಯಲ್ಲಿ ಬರೆಯಕೂಡದು. ಕಂಡದ್ದನ್ನು ಮಾತ್ರ ಬರೆಯಬೇಕು. ಮೀನೊಂದಕ್ಕೆ ಗಾಯವಾಗುವ ಸೂಚನೆ ಕಂಡರೆ ವೀಕ್ಷಣೆಯನ್ನು ನಿಲ್ಲಿಸಿ ಅದನ್ನು ಬೇರ್ಪಡಿಸತಕ್ಕದ್ದು. ಓಡಲು ಸ್ಥಳವಿಲ್ಲದಲ್ಲಿ ನಡೆಯುವ ಕಾಳಗವನ್ನು ಕಡೆಯವರೆಗೆ ನೋಡುವುದರಿಂದ ಮೀನಿನ ಸ್ವಭಾವ ತಿಳಿಯುವುದಿಲ್ಲ. ತೊಟ್ಟಿಯ ಅಳತೆ ಮಾತ್ರ ತಿಳಿಯುತ್ತದೆ.

ಸಿಕ್ಲಿಡ್‌ಗಳು ದೂರದೇಶದ ಮೀನುಗಳೆಂದು ಭಾವಿಸಬೇಕಾಗಿಲ್ಲ. ಕೇರಳವು ೨೦೧೦ರಲ್ಲಿ ತನ್ನ ರಾಜ್ಯದ ಮೀನೆಂದು ಘೋಷಿಸಿದ ಕರಿಮೀನು ಈ ಕುಟುಂಬದ್ದೇ. ಫ್ರಾನ್ಸಿಸ್ ಡೇ ಅವರು ೧೮೭೭ರಲ್ಲಿ ವರ್ಣಿಸಿದ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬ ಪ್ರಭೇದ ನಮ್ಮ ದಕ್ಷಿಣ ಕನ್ನಡದ ನದಿಗಳಲ್ಲಿ ವಾಸಿಸುತ್ತದೆ. ಅದರ ಹೆಸರಿನಲ್ಲಿಯೇ ಕೆನರಾ ಸೀಮೆಯ ಹೆಸರಿದೆ. ಕರಿಮೀನಿನಲ್ಲಿಯೂ ತಂದೆತಾಯಿಗಳೆರಡೂ ಮೊಟ್ಟೆಮರಿಗಳನ್ನು ಕಾಯುತ್ತವೆ. ಏಂಜೆಲ್ ಮೀನಿನ ತೊಟ್ಟಿಯ ಮುಂದೆ ಕುಳಿತು ನೋಡಲು ಕಲಿತ ವಿದ್ಯಾರ್ಥಿಗಳು ಮುಂದೊಂದು ದಿನ ಕುಮಾರಧಾರೆ, ನೇತ್ರಾವತಿಗಳ ದಡದಲ್ಲಿ ಕುಳಿತು, ಗಾಜಿನ ಅಡ್ಡಿಯಿಲ್ಲದ ಸ್ಥಳದಲ್ಲಿ, ನಮ್ಮ ನೀರಿನ ಈ ಬಂಧುಗಳನ್ನು ನೋಡುವಂತಾದರೆ ಈ ಲೇಖನದ ಶ್ರಮ ಸಾರ್ಥಕವಾದಂತೆ.